ಶಿಲಾಸಂಗ್ರಹವೂ ಒಂದು ವ್ಯಾಸಂಗ

ಮನುಷ್ಯನು ತನ್ನ ಬಿಡುವಿನ ವೇಳೆಯನ್ನು ಕಳೆಯುವ ರೀತಿಯಿಂದ ಅವನ ಸಂಸ್ಕಾರವನ್ನು ಅಳೆಯಬಹುದೆಂದು ಹಿರಿಯರು ಹೇಳುವುದುಂಟು. ಅಂಚೆಚೀಟಿಗಳನ್ನು ಕೂಡಿಸುವುದು, ಹಳೆಯ ನಾಣ್ಯಗಳನ್ನು ಸಂಗ್ರಹಿಸುವುದು, ಎಲೆ ಹೂಗಳನ್ನು ಒಣಗಿಸಿ ಪುಸ್ತಕದಲ್ಲಿ ಅಂಟಿಸುವುದು ಇವೇ ಮೊದಲಾದ ಹವ್ಯಾಸಗಳಿಗೆ ನಮ್ಮ ಶಾಲೆಗಳಲ್ಲಿ ಮೊದಲಿನಿಂದಲೂ ಒಂದಿಷ್ಟು ಮನ್ನಣೆಯಿದೆ. ಆದರೆ ಹಳ್ಳದ ದಂಡೆಯಲ್ಲಿ ಬಾಗಿ ಬಾಗಿ ಕಲ್ಲನ್ನು ಆಯುವ ಹುಡುಗನನ್ನು ಕಂಡರೆ ಮಾತ್ರ ನಾವು ನಗುತ್ತೇವೆ. ಅವನು ತನ್ನ ಚೀಲದಲ್ಲಿ ಅದನ್ನು ತಂದರೆ ಗದರುತ್ತೇವೆ. ಕಲ್ಲೆಂದರೆ ಜಡ, ಕಲ್ಲೆಂದರೆ ದಡ್ಡತನ ಎಂಬ ಭಾವನೆ ನಮ್ಮ ಮಾತಿನಲ್ಲಿಯೇ ಬೇರೂರಿದೆ. ಓದು ತಲೆಗೆ ಹತ್ತದವನನ್ನು ಕಲ್ಲುಗುಂಡಿಗೆ ಹೋಲಿಸದ ಉಪಾಧ್ಯಾಯರು ನಮ್ಮಲ್ಲಿ ವಿರಳ.

ಈ ಸ್ಮರಣ ಸಂಚಿಕೆಗೆ ಛಂದಸ್ಸನ್ನೋ ಅಲಂಕಾರವನ್ನೋ ಕುರಿತು ನಾನು ಬರೆಯಬಹುದೆಂದು ಸಂಪಾದಕ ಮಂಡಳಿಯವರು ನಿರೀಕ್ಷಿಸಿದ್ದರು. ಕನ್ನಡ ಪಂಡಿತನಿಗೆ ಅದೇ ಸಹಜವಾದ ಕ್ಷೇತ್ರವೂ ಹೌದು. ಭೂವಿಜ್ಞಾನವು ನಾನು ಗುರುಮುಖದಿಂದ ಕಲಿತ ಶಾಸ್ತ್ರವಲ್ಲ. ಆದರೂ ಈ ವಿಷಯವನ್ನು ನಾನೇ ಕೇಳಿ ಪಡೆದೆ. ಅದಕ್ಕೆ ಕಾರಣವಾದ ಪ್ರಸಂಗವನ್ನು ಮೊದಲು ನಿವೇದಿಸಿಕೊಳ್ಳುವುದು ಉಚಿತ.

2001ನೆಯ ಇಸವಿಯ ಮಳೆಗಾಲ. ಒಂಬತ್ತನೆಯ ತರಗತಿಗೆ ಆದೇಶಸಂಧಿಯನ್ನು ಪಾಠ ಮಾಡುತ್ತಿದ್ದೆ. ಒರೆ ಮತ್ತು ಕಲ್ಲು ಸೇರಿ ಒರೆಗಲ್ಲು, ಮೈಲಿ ಮತ್ತು ಕಲ್ಲು ಸೇರಿ ಮೈಲಿಗಲ್ಲು, ಸೂಜಿ ಮತ್ತು ಕಲ್ಲು ಸೇರಿ ಸೂಜಿಗಲ್ಲು. ಉತ್ತರಪದದ ಆದಿಯ ಕಕಾರಕ್ಕೆ ಗಕಾರವು ಆದೇಶವಾಗಿ ಬರುತ್ತದೆ ಎಂದು ಕರಿಹಲಗೆಯ ಮೇಲೆ ಬರೆದು ತಿರುಗಿದೆ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗನು ಎದ್ದು ನಿಂತು, “ಗುರುಗಳೇ, ನನ್ನ ಟ್ರಂಕಿನಾಗೆ ಸೂಜಿಗಲ್ಲು ಐತೆ” ಎಂದನು. ತರಗತಿಯೆಲ್ಲ ನಕ್ಕಿತು. ಪಾಠದ ಗಾಂಭೀರ್ಯವನ್ನು ಕೆಡಿಸಲೆಂದೇ ಅವನು ಹಾಗೆ ಆಡಿದನೆಂದು ನಾನು ಭಾವಿಸಿದೆ. ಅವನು ಕಲ್ಲು ಒಡೆಯುವ ಕೆಲಸದವರ ಮಗ, ಪ್ರಸಾದನಿಲಯದಲ್ಲಿದ್ದುಕೊಂಡು ಓದುತ್ತಿದ್ದವನು. ಆಗ ನಿಲಯದ ಮೇಲ್ವಿಚಾರಣೆಯೂ ನನ್ನದೇ ಆಗಿತ್ತು.

ಅಂದು ಸಂಜೆ ಪ್ರಾರ್ಥನೆ ಮುಗಿದ ಮೇಲೆ ಅವನ ಟ್ರಂಕನ್ನು ತೆರೆಸಿದೆ. ಬಟ್ಟೆಗಳ ಕೆಳಗೆ ಇಪ್ಪತ್ತು ಮೂವತ್ತು ಕಲ್ಲುಗಳಿದ್ದವು. ಪ್ರತಿಯೊಂದನ್ನೂ ಹಳೆಯ ನೋಟ್ ಪುಸ್ತಕದ ಹಾಳೆಯಲ್ಲಿ ಸುತ್ತಿ ದಾರ ಕಟ್ಟಿದ್ದನು. “ಏನಯ್ಯಾ ಇದು? ಓದಲಿಕ್ಕೆ ಬಂದೆಯೋ, ಕಲ್ಲು ಹೊರಲಿಕ್ಕೆ ಬಂದೆಯೋ?” ಎಂದು ಕೇಳಿದೆ. ಅವನು ತಲೆ ತಗ್ಗಿಸಿ, “ಎಲ್ಲದಕ್ಕೂ ಊರು ಬರೆದಿದೀನಿ ಗುರುಗಳೇ” ಎಂದನು. ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ. ಆಗ ಶಾಲೆಯ ಹೊಸ ಕೊಠಡಿಗಳಿಗೆ ತಳಪಾಯ ತೆಗೆದಿದ್ದರು. ಅಡಿಗೆಯವನನ್ನು ಕರೆದು ಕಲ್ಲುಗಳನ್ನೆಲ್ಲ ಆ ಗುಂಡಿಗೆ ಸುರಿಸಿದೆ. ಕಾಗದಗಳು ಒಲೆಗೆ ಹೋದವು. ಅವುಗಳಲ್ಲಿ ಒಂದು ಕರಿಯ ಕಲ್ಲು ಇತ್ತು. ಅವನ ಸೋದರಮಾವ ಕುದುರೆಮುಖದ ಕಡೆಗೆ ಕೂಲಿಗೆ ಹೋಗಿದ್ದಾಗ ತಂದುಕೊಟ್ಟಿದ್ದಂತೆ. ಅದು ನಿಜವಾಗಿಯೂ ಸೂಜಿಯನ್ನು ಎಳೆಯುತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಏಕೆಂದರೆ ನಾನು ಅದನ್ನು ಪರೀಕ್ಷಿಸಿ ನೋಡಲಿಲ್ಲ. ಸೂಜಿಗಲ್ಲು ಎಂಬ ಶಬ್ದವನ್ನು ಅದೆಷ್ಟೋ ವರ್ಷ ಬಿಡಿಸಿ ಬಿಡಿಸಿ ತೋರಿಸಿದ ನಾನು ಆ ವಸ್ತುವು ಕಣ್ಣೆದುರಿಗೆ ಬಂದಾಗ ಗುಂಡಿಗೆ ಎಸೆದೆ.

ಈ ತಪ್ಪು ನನಗೆ ತಿಳಿದುಬಂದದ್ದು ಕೆಲವು ವರ್ಷಗಳ ಮೇಲೆ. ಮಕ್ಕಳನ್ನು ಬೆಂಗಳೂರಿಗೆ ಪ್ರವಾಸ ಕರೆದುಕೊಂಡು ಹೋಗಿದ್ದಾಗ ಲಾಲ್‌ಬಾಗಿನ ಬಂಡೆಯ ಮೇಲೆ ಕುಳಿತಿದ್ದೆವು. ವಿದ್ವತ್ ಪರೀಕ್ಷೆಗೆ ಹೋದ ದಿನಗಳಲ್ಲಿ ಅದೇ ಬಂಡೆಯ ಮೇಲೆ ಕುಳಿತು ನಾನು ಸೂತ್ರಗಳನ್ನು ಬಾಯಿಪಾಠ ಮಾಡಿದ್ದುಂಟು. ನನ್ನ ಕಣ್ಣಿಗೆ ಕಂಡದ್ದು ಅದರ ನೆತ್ತಿಯ ಮೇಲಿನ ಕೆಂಪೇಗೌಡರ ಗೋಪುರ ಮಾತ್ರ. ಆ ದಿನ ವಿಜ್ಞಾನದ ಉಪಾಧ್ಯಾಯರು ಮಕ್ಕಳಿಗೆ ಅಲ್ಲಿಯ ಫಲಕವನ್ನು ಓದಿ ಹೇಳಿದರು. ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಅದು ದಕ್ಷಿಣ ಭಾರತದ ನೆಲಗಟ್ಟಾಗಿರುವ ನೈಸ್ ಶಿಲೆ. ಮೈಸೂರು ಸಂಸ್ಥಾನದ ಭೂವಿಜ್ಞಾನಿಯಾಗಿದ್ದ ಸ್ಮೀತ್ ಎಂಬವರು 1916ರಲ್ಲಿ ಅದಕ್ಕೆ ಪರ್ಯಾಯದ್ವೀಪದ ನೈಸ್ ಎಂಬ ಅರ್ಥದ ಹೆಸರನ್ನು ಕೊಟ್ಟರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಒಂದೂವರೆ ಸಾವಿರ ವರ್ಷದ ಶಾಸನವನ್ನು ಕಂಡು ಕೈಮುಗಿಯುವ ನಾನು 300 ಕೋಟಿ ವರ್ಷದ ಬಂಡೆಯನ್ನು ಮಣೆಯಾಗಿ ಮಾಡಿಕೊಂಡಿದ್ದೆ! ಅಂದಿನಿಂದ ಈ ವಿಷಯವನ್ನು ಬಲ್ಲವರಿಂದ ಕೇಳಿ ತಿಳಿಯುತ್ತ ಬಂದಿದ್ದೇನೆ. ಈ ಲೇಖನವು ಆ ವಿದ್ಯಾರ್ಥಿಯ ಋಣವನ್ನು ಸ್ವಲ್ಪಮಟ್ಟಿಗೆ ತೀರಿಸುವ ಪ್ರಯತ್ನ.

ಕಲ್ಲುಗಳನ್ನು ಪರೀಕ್ಷಿಸಿ ಕೂಡಿಡುವ ಪದ್ಧತಿಯು ನಮ್ಮ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಶಕ್ಕೆ ಸೇರತಕ್ಕ ರತ್ನಗಳ ಪರೀಕ್ಷೆಯಿದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರ, ಮುತ್ತು, ಪದ್ಮರಾಗ, ಮರಕತಗಳ ಲಕ್ಷಣಗಳಿವೆ. ನಮ್ಮ ನಾಡಿನಲ್ಲಿಯೇ ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರತ್ನಗಳ ವಿಚಾರಕ್ಕೆ ಎಡೆಯಿದೆ. ಗಂಡಕಿ ನದಿಯ ಸಾಲಿಗ್ರಾಮವನ್ನೂ ನರ್ಮದೆಯ ಬಾಣಲಿಂಗವನ್ನೂ ಆಸ್ತಿಕರು ಬಹು ಹಿಂದಿನಿಂದ ದೂರದೂರಕ್ಕೆ ಒಯ್ದು ಕಾಪಾಡಿಕೊಂಡು ಬಂದಿದ್ದಾರೆ. ಆ ಸಾಲಿಗ್ರಾಮದೊಳಗಿನ ಚಕ್ರವು ಬಹು ಪುರಾತನ ಕಾಲದ ಕಡಲಿನ ಸುರುಳಿಚಿಪ್ಪಿನ ಜೀವಿಯೊಂದರ ಅಚ್ಚೆಂದು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಹಿಮಾಲಯದ ಎತ್ತರದಲ್ಲಿ ಕಡಲಿನ ಜೀವಿಯ ಗುರುತು ಸಿಕ್ಕುವುದೆಂದರೆ, ಆ ಪರ್ವತವು ಒಮ್ಮೆ ಸಮುದ್ರತಳವಾಗಿತ್ತೆಂದೇ ಅರ್ಥವಲ್ಲವೆ?

ಶಬ್ದಗಳನ್ನು ನೋಡಿದರೂ ಇದೇ ಸಂಗತಿ ತೋರುತ್ತದೆ. ನಮ್ಮ ವೈಡೂರ್ಯ ಶಬ್ದವು ಪ್ರಾಕೃತದಲ್ಲಿ ವೇಳುರಿಯವಾಗಿ, ಗ್ರೀಕರ ಬಾಯಲ್ಲಿ ಬೇರಿಲ್ಲೋಸ್ ಆಗಿ, ಇಂಗ್ಲಿಷಿನಲ್ಲಿ ಬೆರಿಲ್ ಎಂಬ ಖನಿಜದ ಹೆಸರಾಗಿ ನಿಂತಿದೆ. ಜರ್ಮನರು ಕನ್ನಡಕಕ್ಕೆ ಹೇಳುವ ಬ್ರಿಲ್ಲೆ ಎಂಬ ಮಾತೂ ಅದೇ ಬೇರಿನದು. ನಮ್ಮ ಕುರುಂದದ ಕಲ್ಲು, ಸಂಸ್ಕೃತದ ಕುರುವಿಂದ, ತಮಿಳಿನ ಕುರುಂದಂ ಇವುಗಳ ಬಳಗದಿಂದಲೇ ಪಾಶ್ಚಾತ್ಯರ ಕೊರಂಡಮ್ ಎಂಬ ಹೆಸರು ಹುಟ್ಟಿತು. ನಮ್ಮ ಕವಿಗಳು ಬೇರೆ ಬೇರೆಯಾಗಿ ವರ್ಣಿಸಿದ ಪದ್ಮರಾಗವೂ ಇಂದ್ರನೀಲವೂ ದ್ರವ್ಯದಲ್ಲಿ ಒಂದೇ, ಎರಡೂ ಕುರುಂದವೇ. ಕ್ರೋಮಿಯಂ ಧಾತುವಿನ ಲೇಶವು ಸೇರಿದರೆ ಕೆಂಪು, ಕಬ್ಬಿಣ ಮತ್ತು ಟೈಟಾನಿಯಂಗಳ ಲೇಶವು ಸೇರಿದರೆ ನೀಲಿ. ಈ ಕುರುಂದವು ಹಳೆಯ ಮೈಸೂರು ಸೀಮೆಯ ಹಲವು ಕಡೆಗಳಲ್ಲಿ ದೊರೆಯತಕ್ಕದ್ದೇ. ಹೀಗಿರುವಾಗ, ನವರತ್ನಗಳ ಹೆಸರನ್ನು ಗಿಳಿಪಾಠ ಒಪ್ಪಿಸುವ ವಿದ್ಯಾರ್ಥಿಗೆ ಅವುಗಳಲ್ಲಿ ಎರಡು ತನ್ನ ನೆಲದ ಕಲ್ಲಿನ ಬಂಧುಗಳೆಂದು ತಿಳಿಸುವವರಾರು?

ಸಂಗ್ರಹಕ್ಕೆ ಯೋಗ್ಯವಾದ ಕಲ್ಲೆಂದರೆ ರತ್ನವೇ ಆಗಬೇಕಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಭೂಮಿತಾಯಿಯು ನಮ್ಮ ಕರ್ನಾಟಕಕ್ಕೆ ಈ ವಿಷಯದಲ್ಲಿ ಕೈಬಿಚ್ಚಿ ಕೊಟ್ಟಿದ್ದಾಳೆ. ವಿಜಾಪುರದ ಕಡೆಯ ಕರಿಯ ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದು ಹೆಪ್ಪುಗಟ್ಟಿದ ಲಾವಾರಸ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ತೋರುವ ಶಿಲೆಯಿದೆ. ಲಾವಾರಸವು ನೀರಿನೊಳಗೆ ಉಕ್ಕಿದಾಗ ಮಾತ್ರ ಅಂತಹ ಆಕಾರವನ್ನು ತಾಳುತ್ತದೆ; ಆದುದರಿಂದ ಇಂದು ಮಳೆಗಾಗಿ ಮುಗಿಲು ನೋಡುವ ಆ ಬಯಲುಸೀಮೆಯು ಒಂದು ಕಾಲಕ್ಕೆ ನೀರಿನ ತಳವಾಗಿತ್ತೆಂಬುದಕ್ಕೆ ಆ ದಿಂಬುಗಲ್ಲೇ ಸಾಕ್ಷಿ. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪದಲ್ಲಿ ಬಡಗಿಯು ಕೆತ್ತಿ ನಿಲ್ಲಿಸಿದಂತಿರುವ ಬಹುಕೋನದ ಕಂಬಗಳಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರವು ಭಾರತದಿಂದ ಅಗಲಿಹೋದ ಕಾಲದಲ್ಲಿ ಉಕ್ಕಿದ ಶಿಲೆಯದು. ಸಂಡೂರು, ಬಾಬಾಬುಡನ್, ಚಿತ್ರದುರ್ಗದ ಬೆಟ್ಟಗಳಲ್ಲಿ ಕೆಂಪು ಕಪ್ಪು ಪಟ್ಟೆಗಳ ಕಲ್ಲು ದೊರೆಯುತ್ತದೆ. ಅಜ್ಜಿಯ ಇಳಕಲ್ಲ ಸೀರೆಯ ಅಂಚಿನಂತೆ ಕಾಣುವ ಆ ಪಟ್ಟೆಗಳು ಆದಿಕಾಲದ ಸಾಗರದಲ್ಲಿ ಕರಗಿದ್ದ ಕಬ್ಬಿಣವು ಪದರಪದರವಾಗಿ ತಳಕ್ಕಿಳಿದುದರ ಗುರುತು.

ಇನ್ನು ನಮ್ಮ ಶಿಲ್ಪಕಲೆಯೂ ಕಲ್ಲಿನ ಗುಣವನ್ನೇ ಅನುಸರಿಸಿ ಬೆಳೆದಿದೆ. ಬಾದಾಮಿಯ ಮರಳುಗಲ್ಲು ಗುಹೆಗಳನ್ನು ಕೊರೆಯಲು ಒದಗಿತು. ಹಂಪೆಯ ಗಡಸು ಬಂಡೆಯು ಭವ್ಯವಾದ ಕಂಬಗಳಿಗೆ ಒದಗಿತು. ಬೇಲೂರು ಹಳೇಬೀಡುಗಳ ಮದನಿಕೆಯ ಬಳೆಯೂ ಬೆರಳೂ ಅಷ್ಟು ಸೂಕ್ಷ್ಮವಾಗಿ ಮೂಡಿಬಂದದ್ದು ಶಿಲ್ಪಿಯ ಕೈಚಳಕದಿಂದ ಎಂಬುದು ನಿಜ. ಅಂತೆಯೇ ಆ ಕಲ್ಲು ಬಳಪದ ಜಾತಿಯ ಮೃದುವಾದ ಶಿಲೆಯಾಗಿದ್ದುದರಿಂದ ಎಂಬುದೂ ನಿಜ. ಹಿಂದೆ ಮಕ್ಕಳು ಹಲಗೆಯ ಮೇಲೆ ಅಕ್ಷರ ತಿದ್ದಿದ ಬಳಪಕ್ಕೂ 1117ರ ಬೇಲೂರು ದೇವಾಲಯಕ್ಕೂ ಇರುವ ಈ ಸಂಬಂಧವನ್ನು ಒಂದು ತುಂಡು ಕಲ್ಲು ಕೈಯಲ್ಲಿದ್ದರೆ ಒಂದು ನಿಮಿಷದಲ್ಲಿ ತೋರಿಸಬಹುದು. ಬರಿಯ ಮಾತಿನಲ್ಲಿ ಒಂದು ಗಂಟೆ ವಿವರಿಸಿದರೂ ಅದು ಮಗುವಿನ ಮನಸ್ಸಿಗೆ ಇಳಿಯಲಾರದು.

ಕಲ್ಲನ್ನು ಗುರುತಿಸುವುದಕ್ಕೆ ದುಬಾರಿಯಾದ ಉಪಕರಣಗಳು ಬೇಕೆಂದು ಹೆದರಬೇಕಾಗಿಲ್ಲ. 1812ರಲ್ಲಿ ಜರ್ಮನಿಯ ಮೋಸ್ ಎಂಬ ವಿದ್ವಾಂಸನು ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಶ್ರೇಣಿಯಾಗಿ ಜೋಡಿಸಿದನು. ಬಳಪದ ಕಲ್ಲಿನಲ್ಲಿರುವ ಟಾಲ್ಕ್ ಮೊದಲನೆಯದು, ಬೆಣಚುಕಲ್ಲು ಏಳನೆಯದು, ಕುರುಂದ ಒಂಬತ್ತನೆಯದು, ವಜ್ರ ಹತ್ತನೆಯದು. ನಮ್ಮ ಉಗುರಿನ ಗಡಸು ಸುಮಾರು ಎರಡೂವರೆ. ಚಾಕುವಿನದು ಸುಮಾರು ಐದೂವರೆ. ಉಗುರಿನಿಂದ ಗೀರಿದರೆ ಗೆರೆ ಬೀಳುವುದೋ, ಚಾಕುವಿನಿಂದ ಬೀಳುವುದೋ, ಅಥವಾ ಕಲ್ಲೇ ಗಾಜನ್ನು ಗೀರುವುದೋ ಎಂದು ನೋಡಿದರೆ ಅರ್ಧ ಪರೀಕ್ಷೆ ಮುಗಿಯಿತು. ಎರಡನೆಯದು ಒರೆಯ ಪರೀಕ್ಷೆ. ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ತಿಕ್ಕುವಂತೆಯೇ, ಪಿಂಗಾಣಿ ಬಿಲ್ಲೆಯ ಹೊಳಪಿಲ್ಲದ ಹಿಂಬದಿಗೆ ಕಲ್ಲನ್ನು ತಿಕ್ಕಬೇಕು. ನೋಡಲು ಕಪ್ಪಾಗಿರುವ ಎರಡು ಕಬ್ಬಿಣದ ಅದಿರುಗಳಲ್ಲಿ ಹೆಮಟೈಟ್ ಎಂಬುದು ಕೆಂಪು ಗೆರೆಯನ್ನು ಎಳೆಯುತ್ತದೆ, ಮ್ಯಾಗ್ನೆಟೈಟ್ ಎಂಬುದು ಕಪ್ಪು ಗೆರೆಯನ್ನು ಎಳೆಯುತ್ತದೆ. ಮೈಬಣ್ಣವನ್ನು ಕಂಡು ತೀರ್ಮಾನಿಸಬಾರದು, ಒರೆಗೆ ಹಚ್ಚಿ ನೋಡಬೇಕೆಂಬ ನೀತಿಯನ್ನು ಮಕ್ಕಳಿಗೆ ಬೇರೆಯಾಗಿ ಬೋಧಿಸಬೇಕಾಗಿಯೇ ಇಲ್ಲ. ಮೂರನೆಯದಾಗಿ, ಸುಣ್ಣಕಲ್ಲಿನ ಪುಡಿಯ ಮೇಲೆ ನಿಂಬೆರಸವನ್ನು ಹಿಂಡಿದರೆ ಸಣ್ಣ ಗುಳ್ಳೆಗಳೇಳುತ್ತವೆ. ಬೆಣಚುಕಲ್ಲಿನ ಪುಡಿಯಲ್ಲಿ ಏಳುವುದಿಲ್ಲ.

ನಮ್ಮ ಹಳ್ಳಿಗರಿಗೆ ಈ ವಿವೇಕವು ಹೊಸದೇನೂ ಅಲ್ಲ. ಅಭ್ರಕಕ್ಕೆ ಕಾಗೆಬಂಗಾರವೆಂದು ಹೆಸರಿಟ್ಟವರು ಅವರೇ. ಹೊಳೆಯುವುದೆಲ್ಲ ಹೊನ್ನಲ್ಲವೆಂಬ ತಿಳಿವು ಆ ಒಂದು ಶಬ್ದದಲ್ಲಿಯೇ ಅಡಗಿದೆ. ನಿಜವಾದ ಹೊನ್ನಾದರೋ ಕೋಲಾರದಲ್ಲಿಯೂ ಹಟ್ಟಿಯಲ್ಲಿಯೂ ಬಹುಮಟ್ಟಿಗೆ ಮಂಕಾದ ಬೆಣಚುಕಲ್ಲಿನ ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಅಡಗಿರತಕ್ಕದ್ದು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿಹೋದವು. ಹಟ್ಟಿಯ ಗಣಿಯಲ್ಲಿ ಇಂದಿಗೂ ಕೆಲಸ ನಡೆಯುತ್ತಿದೆ. ಒಂದು ಟನ್ ಕಲ್ಲನ್ನು ಅರೆದರೆ ದೊರೆಯುವುದು ಕೆಲವೇ ಗ್ರಾಂ ಚಿನ್ನ.

ಇಷ್ಟಾದರೂ, ಕಲ್ಲನ್ನು ಕೂಡಿಹಾಕಿದ ಮಾತ್ರಕ್ಕೆ ಅದು ವ್ಯಾಸಂಗವಾಗುವುದಿಲ್ಲ. ಈ ಲೇಖನದ ಮುಖ್ಯ ಅಭಿಪ್ರಾಯವೂ ಇದೇ. ಕಲ್ಲಿನ ಜೊತೆಗೆ ಅದರ ಊರನ್ನು ಬರೆದಿಡದಿದ್ದರೆ ಆ ಸಂಗ್ರಹವು ಆಟಿಕೆಗಳ ರಾಶಿ. ಬರೆದಿಟ್ಟರೆ ಅದೇ ಗ್ರಂಥಭಂಡಾರ. ನನ್ನ ಶಾಸ್ತ್ರದಿಂದಲೇ ಒಂದು ದೃಷ್ಟಾಂತವನ್ನು ಕೊಡುತ್ತೇನೆ. ತಾಳೆಗರಿಯ ಪ್ರತಿಯೊಂದು ಕೈಗೆ ಬಂದಾಗ ಪಂಡಿತನು ಮೊದಲು ಹುಡುಕುವುದು ಕೊನೆಯ ಗರಿಯನ್ನು. ಲಿಪಿಕಾರನ ಹೆಸರು, ಊರು, ಸಂವತ್ಸರ ಅಲ್ಲಿರುತ್ತವೆ. ಅವು ಇಲ್ಲದಿದ್ದರೆ ಎಂತಹ ಉತ್ತಮ ಪಾಠವಾದರೂ ಅದರ ಪ್ರಾಮಾಣ್ಯವು ಕುಗ್ಗುತ್ತದೆ. ಕಲ್ಲಿಗೂ ಇದೇ ನ್ಯಾಯ. ರಸ್ತೆಯ ಬದಿಯ ಜಲ್ಲಿರಾಶಿಯಲ್ಲಿ ಚೆಲುವಾದ ಕಲ್ಲೊಂದು ಸಿಕ್ಕಿತೆಂದುಕೊಳ್ಳಿ. ಅದು ಆ ಊರಿನ ಕಲ್ಲಲ್ಲ. ಎಲ್ಲಿಯದೋ ಕ್ವಾರಿಯಿಂದ ಲಾರಿಯಲ್ಲಿ ಬಂದದ್ದು. ಗ್ರಂಥದಲ್ಲಿ ಪ್ರಕ್ಷಿಪ್ತ ಪದ್ಯಗಳಿರುವಂತೆ ನೆಲದ ಮೇಲೂ ಪ್ರಕ್ಷಿಪ್ತ ಕಲ್ಲುಗಳಿವೆ. ಹೊಳೆಯಲ್ಲಿ ದೊರೆತ ನುಣುಪಾದ ಗುಂಡುಕಲ್ಲಿನ ತವರೂ ಆ ಹೊಳೆಯಲ್ಲ. ಅದು ಪ್ರವಾಹದ ಮೇಲ್ಭಾಗದ ಯಾವುದೋ ಬೆಟ್ಟ. ಇವನ್ನೆಲ್ಲ ವಿಚಾರಿಸಿ ಬರೆಯಬೇಕಾದುದರಿಂದಲೇ ಇದು ವ್ಯಾಸಂಗ.

ಹೀಗೆ ಬರೆದಿಟ್ಟುದರ ಫಲಕ್ಕೆ ರಾಬರ್ಟ್ ಬ್ರೂಸ್ ಫೂಟ್ ಎಂಬ ಮಹನೀಯನ ಉದಾಹರಣೆ ಸಾಕು. ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಅಧಿಕಾರಿಯಾಗಿದ್ದ ಆತನು 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವೊಂದನ್ನು ಗುರುತಿಸಿದನು. ಅನಂತರ ಬಳ್ಳಾರಿಯೇ ಮೊದಲಾದ ನಮ್ಮ ಸೀಮೆಗಳಲ್ಲಿ ಶಿಲಾಪರೀಕ್ಷೆಗೆಂದು ಸಂಚರಿಸುತ್ತ, ಆದಿಮಾನವರ ಕಲ್ಲಿನ ಕೊಡಲಿಗಳನ್ನು ಆಯ್ದು ಎಲ್ಲಿ ದೊರೆಯಿತೆಂಬುದನ್ನು ದಾಖಲಿಸಿದನು. ಆ ಸಂಗ್ರಹವು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು. ಆತನು 1912ರಲ್ಲಿ ತೀರಿಕೊಂಡ ಮೇಲೆ, 1916ರಲ್ಲಿ ಅದರ ವಿವರಣೆಯ ಗ್ರಂಥವೂ ಪ್ರಕಟವಾಯಿತು. ಇಂದಿಗೂ ಸಂಶೋಧಕರು ಅವನ ಟಿಪ್ಪಣಿಯನ್ನು ಹಿಡಿದು ನಮ್ಮ ಹಳ್ಳಿಗಳಿಗೆ ಬರುತ್ತಾರೆ. ಆ ಕೊಡಲಿಗಳ ಜೊತೆಗೆ ಊರಿನ ಹೆಸರಿರದಿದ್ದರೆ ಅವು ಚೂಪಾದ ಕಲ್ಲುಗಳೇ ಹೊರತು ಮತ್ತೇನೂ ಆಗುತ್ತಿರಲಿಲ್ಲ. ನನ್ನ ವಿದ್ಯಾರ್ಥಿಯು ಹಾಳೆಯ ಮೇಲೆ ಊರು ಬರೆದು ದಾರ ಕಟ್ಟಿದಾಗ ಅವನಿಗೆ ಅರಿವಿಲ್ಲದೆಯೇ ಅದೇ ಮಾರ್ಗವನ್ನು ಹಿಡಿದಿದ್ದನು. ನಾನು ಕಲ್ಲನ್ನು ಗುಂಡಿಗೆ ಎಸೆದದ್ದಕ್ಕಿಂತ ಆ ಕಾಗದಗಳನ್ನು ಸುಡಿಸಿದ್ದು ದೊಡ್ಡ ಅಪರಾಧವೆಂದು ಈಗ ತೋರುತ್ತದೆ. ಕಲ್ಲುಗಳಾದರೂ ಆ ತಳಪಾಯದ ಕೆಳಗೆ ಹಾಗೆಯೇ ಇದ್ದಾವು.

ಕಲ್ಲನ್ನು ನೋಡುವ ಕಣ್ಣು ಅಕ್ಷರದ ಲೋಕಕ್ಕೂ ಉಪಕಾರ ಮಾಡಿದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನವನ್ನು 1915ರಲ್ಲಿ ಪತ್ತೆ ಹಚ್ಚಿದವನು ಪಂಡಿತನಲ್ಲ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು. ದೇವಾನಾಂಪ್ರಿಯನೆಂದು ಶಾಸನಗಳಲ್ಲಿ ಹೇಳಿಕೊಂಡ ಚಕ್ರವರ್ತಿಯು ಅಶೋಕನೇ ಎಂಬುದು ಆ ಬಂಡೆಯಿಂದ ದೃಢಪಟ್ಟಿತು. ಬಂಡೆಯ ಬಳಿಗೆ ಹೋಗಿ ನೋಡುವ ಅಭ್ಯಾಸ ಅವನಿಗಿತ್ತು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ವಿಸ್ತರಿಸಿ ಬರೆಯುವ ನಮ್ಮ ವಿದ್ಯಾರ್ಥಿಗಳಲ್ಲಿ ಹತ್ತಿರದ ಬೆಟ್ಟದ ಬಳಿಗೆ ಹೋಗಿ ನೋಡಿದವರೆಷ್ಟು ಮಂದಿ?

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನೂ ಪರಿಶೀಲಿಸೋಣ. ಹತ್ತನೆಯ ತರಗತಿಯ ಅಂಕಗಳೇ ಬದುಕಿನ ದಾರಿಯನ್ನು ನಿರ್ಧರಿಸುವ ಈ ಕಾಲದಲ್ಲಿ ಕಲ್ಲು ಆಯುವ ಹುಡುಗನು ಹಿಂದುಳಿಯುವನಲ್ಲವೇ ಎಂದು ಪಾಲಕರು ಕೇಳಬಹುದು. ಅವರ ಆತಂಕವು ನಿರಾಧಾರವಲ್ಲ. ಬಡವರ ಮನೆಯ ಮಗುವಿಗೆ ಎರಡನೆಯ ಅವಕಾಶವು ದೊರೆಯುವುದು ಕಷ್ಟ. ಆದರೆ ವಾರಕ್ಕೊಂದು ಗಂಟೆಯ ಈ ಹವ್ಯಾಸವು ರಸಾಯನಶಾಸ್ತ್ರ, ಭೂಗೋಳ, ಇತಿಹಾಸ, ಭಾಷೆ ಈ ನಾಲ್ಕನ್ನೂ ಒಂದೇ ಅಂಗೈಯ ಮೇಲೆ ತಂದಿಡುತ್ತದೆ. ಮೇಲಾಗಿ, ಕಲ್ಲು ಒಡೆಯುವವರ ಮಗನು ತನ್ನ ತಂದೆಯ ಕಾಯಕದ ವಸ್ತುವನ್ನು ತರಗತಿಯಲ್ಲಿ ತಲೆಯೆತ್ತಿ ತೋರಿಸುವಂತಾದರೆ ಅವನಿಗೆ ಶಾಲೆಯು ಪರಕೀಯವಾಗಿ ಉಳಿಯುವುದಿಲ್ಲ. ಯಾವ ಕಲ್ಲು ಯಾವ ಕಡೆಗೆ ಸೀಳುತ್ತದೆ, ಯಾವುದು ಉಳಿಯ ಬಾಯನ್ನು ಮುರಿಯುತ್ತದೆ ಎಂಬುದನ್ನು ಆ ತಂದೆಯು ನನಗಿಂತ ಚೆನ್ನಾಗಿ ಬಲ್ಲನು. ಅಂದು ಆ ಹುಡುಗನು ಎದ್ದು ನಿಂತದ್ದು ನನ್ನ ಪಾಠವನ್ನು ಕೆಡಿಸುವುದಕ್ಕಲ್ಲ, ತುಂಬುವುದಕ್ಕೆ ಎಂದು ಈಗ ತಿಳಿಯುತ್ತದೆ.

ಎರಡನೆಯ ಆಕ್ಷೇಪವು ಇನ್ನೂ ಗಂಭೀರವಾದದ್ದು. ನಾಳೆಗೆಂದು ಕೂಡಿಡಬಾರದೆಂದು ನಡೆದು ತೋರಿಸಿದ ಶರಣರ ಹೆಸರಿನಲ್ಲಿ ನಡೆಯುವ ಸಂಸ್ಥೆಯಲ್ಲಿ ಸಂಗ್ರಹವನ್ನು ಬೋಧಿಸುವುದು ತಕ್ಕುದೇ? ತನ್ನ ಪೆಟ್ಟಿಗೆಯಲ್ಲಿ ಬಚ್ಚಿಟ್ಟು, ಇನ್ನೊಬ್ಬನಿಗಿಂತ ಒಂದು ಹೆಚ್ಚೆಂದು ಬೀಗುವವನ ಸಂಗ್ರಹವು ಲೋಭವೇ ಸರಿ. ಅಂಗಡಿಯಲ್ಲಿ ಹಣ ಕೊಟ್ಟು ಹೊಳಪಿನ ಹರಳುಗಳನ್ನು ತರುವುದು, ರಾಶಿಗೊಂದು ರತ್ನವೆಂದು ಮಾರುವವರ ಬಲೆಗೆ ಬೀಳುವುದು, ಇವನ್ನು ನಾನು ಹವ್ಯಾಸವೆನ್ನಲಾರೆ. ತಾನು ನಡೆದು, ಬಾಗಿ, ಆಯ್ದು, ತಿಳಿದು, ಎಲ್ಲರೂ ನೋಡಲೆಂದು ಶಾಲೆಯ ಕಪಾಟಿನಲ್ಲಿ ಇಡುವುದಾದರೆ ಅದು ದಾಸೋಹಭಾವಕ್ಕೆ ವಿರೋಧವಾಗಲಾರದೆಂದು ನನ್ನ ಅಲ್ಪಮತಿಗೆ ತೋರುತ್ತದೆ.

ಮೂರನೆಯದಾಗಿ, ಇಂತಹ ಹವ್ಯಾಸದಿಂದ ಬೆಟ್ಟಗುಡ್ಡಗಳಿಗೆ ಹಾನಿಯಾಗದೇ? ಆಗಬಾರದು. ಸುತ್ತಿಗೆ ಹಿಡಿದು ಬಂಡೆಯನ್ನು ಒಡೆಯುವುದು ವಿದ್ಯಾರ್ಥಿಯ ಕೆಲಸವಲ್ಲ. ತಾನಾಗಿ ಬಿದ್ದಿರುವ, ಅಂಗೈಯಲ್ಲಿ ಹಿಡಿಸುವ ಒಂದು ತುಂಡು ಸಾಕು. ದೇವಾಲಯ, ಕೋಟೆ, ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳ ಪರಿಸರದಲ್ಲಿ ಒಂದು ಚೂರನ್ನೂ ಮುಟ್ಟಬಾರದು. ಮೇಲೆ ಹೇಳಿದ ಮರಡಿಹಳ್ಳಿ, ಲಾಲ್‌ಬಾಗು, ಸೇಂಟ್ ಮೇರೀಸ್ ದ್ವೀಪಗಳಂತಹ ಸ್ಮಾರಕಗಳಿಂದ ಕಣ್ಣಿನಲ್ಲಿ ಮಾತ್ರ ತುಂಬಿಕೊಂಡು ಬರಬೇಕು. ಕಾಯ್ದಿಟ್ಟ ಅರಣ್ಯದಲ್ಲಿ ಕಲ್ಲೂ ಅರಣ್ಯೋತ್ಪನ್ನವೆಂದೇ ಕಾನೂನು ಭಾವಿಸುತ್ತದೆ. ಅಲ್ಲಿಂದ ಎತ್ತಿ ತರುವಂತಿಲ್ಲ. ಆದಿಮಾನವರ ಆಯುಧವೆಂಬ ಸಂಶಯ ಬಂದರೆ ಇದ್ದಲ್ಲಿಯೇ ಬಿಟ್ಟು ಉಪಾಧ್ಯಾಯರಿಗೆ ತಿಳಿಸಬೇಕು. ಪರರ ಹೊಲಕ್ಕೆ ಕಾಲಿಡುವ ಮುನ್ನ ಹೊಲದವರನ್ನು ಕೇಳಬೇಕು. ನೀರು ತುಂಬಿದ ಹಳೆಯ ಕ್ವಾರಿಯ ಗುಂಡಿಗಳ ಬಳಿಗೆ ಮಕ್ಕಳು ಹೋಗಲೇಬಾರದು. ನಾರುನಾರಾಗಿ ಬಿಡಿಸಿಕೊಳ್ಳುವ ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ ಅದನ್ನು ಸಂಗ್ರಹಕ್ಕೆ ಸೇರಿಸಬಾರದು.

ಹಾಗಾದರೆ ಕಲ್ಲು ಎಲ್ಲಿ ದೊರೆಯಬೇಕು? ಬಾವಿ ತೋಡಿದ ಮಣ್ಣಿನ ಗುಡ್ಡೆ, ಮನೆಗೆ ತಳಪಾಯ ತೆಗೆದ ಜಾಗ, ರೈತನು ಹೊಲದಿಂದ ಆಯ್ದು ಬದುವಿಗೆ ಎಸೆದ ರಾಶಿ, ಬೇಸಗೆಯಲ್ಲಿ ಬತ್ತಿದ ಹಳ್ಳ, ಇಷ್ಟು ಸಾಲದೇ? ತಂದುದನ್ನು ತೊಳೆದು ಒಣಗಿಸಿ, ಮೂಲೆಯಲ್ಲಿ ಬಿಳಿಯ ಬಣ್ಣದ ಚುಕ್ಕೆಯಿಟ್ಟು, ಅದರ ಮೇಲೆ ಕಪ್ಪು ಮಸಿಯಿಂದ ಸಂಖ್ಯೆಯನ್ನು ಬರೆಯಬೇಕು. ಆ ಸಂಖ್ಯೆಯ ಎದುರಿಗೆ ದಫ್ತರದಲ್ಲಿ ದಿನಾಂಕ, ಊರು, ತಾಲ್ಲೂಕು, ದೊರೆತ ಜಾಗ, ಕೊಟ್ಟವರ ಹೆಸರು, ಬಣ್ಣ, ಒರೆಯ ಬಣ್ಣ, ಗಡಸುತನಗಳನ್ನು ನಮೂದಿಸಬೇಕು. ಇಡುವುದಕ್ಕೆ ಮಿಠಾಯಿ ಅಂಗಡಿಯ ಹಳೆಯ ರಟ್ಟಿನ ಡಬ್ಬಿಗಳೇ ಸಾಕು. ಊರಿನವರು ಆ ಕಲ್ಲಿಗೆ ಏನೆಂದು ಕರೆಯುತ್ತಾರೋ ಆ ಹೆಸರನ್ನೂ ತಪ್ಪದೆ ಬರೆಯಬೇಕೆಂದು ಕನ್ನಡದವನಾದ ನಾನು ವಿಶೇಷವಾಗಿ ಪ್ರಾರ್ಥಿಸುತ್ತೇನೆ. ಕಾಗೆಬಂಗಾರದಂತಹ ಶಬ್ದಗಳು ಇನ್ನೆಷ್ಟು ಮುದುಕರ ಬಾಯಲ್ಲಿ ಉಳಿದಿವೆಯೋ! ಅವರೊಡನೆ ಅವೂ ಮಣ್ಣಾಗಬಾರದು.

ನಮ್ಮ ಶಾಲೆಗೆ ಸುತ್ತಣ ಹತ್ತಾರು ಹಳ್ಳಿಗಳಿಂದ ಮಕ್ಕಳು ಬರುತ್ತಾರೆ. ದಸರೆಯ ರಜೆಯಿಂದ ಮರಳುವಾಗ ಒಬ್ಬೊಬ್ಬನೂ ತನ್ನ ಊರಿನದೊಂದು ಕಲ್ಲನ್ನು, ಊರಿನ ಹೆಸರು ಬರೆದ ಚೀಟಿಯೊಡನೆ ತಂದರೆ, ಎರಡು ಮೂರು ವರ್ಷಗಳಲ್ಲಿ ಈ ಸೀಮೆಯ ನೆಲದ ಚರಿತ್ರೆಯೇ ನಮ್ಮ ಕಪಾಟಿನಲ್ಲಿರುತ್ತದೆ. ಈ ಸಂಚಿಕೆಯು ಹೊರಬರುತ್ತಿರುವ ವರ್ಷದಲ್ಲಿ ಗ್ರಂಥಾಲಯದ ಒಂದು ಕಪಾಟನ್ನು ಇದಕ್ಕೆ ಬಿಟ್ಟುಕೊಡಬೇಕೆಂದು ಆಡಳಿತ ಮಂಡಳಿಯವರಲ್ಲಿ ವಿನಂತಿಸುತ್ತೇನೆ. ಮೇಲ್ವಿಚಾರಣೆಯನ್ನು ವಿಜ್ಞಾನದ ಉಪಾಧ್ಯಾಯರು ವಹಿಸಲಿ; ದಫ್ತರವನ್ನು ಶುದ್ಧವಾದ ಕನ್ನಡದಲ್ಲಿ ಬರೆಯಿಸುವ ಹೊಣೆಯನ್ನು ನಿವೃತ್ತಿಯಾಗುವವರೆಗೂ ನಾನು ಹೊರುತ್ತೇನೆ.

ಕೊನೆಯದಾಗಿ ಒಂದು ಮಾತು. ಈ ಸಂಚಿಕೆಯು ಹಳೆಯ ವಿದ್ಯಾರ್ಥಿಗಳಿಗೂ ತಲುಪುತ್ತದೆ. 2001ರಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದ ಆ ವಿದ್ಯಾರ್ಥಿಯ ಕಣ್ಣಿಗೆ ಈ ಪುಟವು ಬಿದ್ದರೆ, ಅವನು ಎಲ್ಲಿಯೇ ಇರಲಿ, ತನಗೆ ಸರಿತೋರಿದ ಒಂದು ಕಲ್ಲನ್ನು ಊರು ಬರೆದ ಚೀಟಿಯೊಡನೆ ನಮ್ಮ ಕಪಾಟಿಗೆ ಕಳುಹಿಸಿಕೊಡಲಿ. ಅದು ಸೂಜಿಗಲ್ಲೇ ಆದರೆ, ಮ್ಯಾಗ್ನೆಟೈಟ್ ಜಾತಿಯ ಕಲ್ಲುಗಳಲ್ಲಿಯೂ ಸೂಜಿಯನ್ನು ತಾನಾಗಿ ಎಳೆಯುವುದು ಕೆಲವು ಮಾತ್ರವೆಂಬುದನ್ನು ಈಗ ಬಲ್ಲೆನಾದ್ದರಿಂದ, ತರಗತಿಯ ಮಕ್ಕಳೆಲ್ಲರ ಎದುರಿಗೆ ಸೂಜಿಯೊಂದನ್ನು ಹಿಡಿದು ನಾನೇ ಪರೀಕ್ಷಿಸಿ ನೋಡುತ್ತೇನೆ. ಎಳೆಯಲಿ, ಎಳೆಯದಿರಲಿ, ಅದನ್ನು ದಫ್ತರದಲ್ಲಿ ಬರೆದಿಡುತ್ತೇವೆ. ಪರಮಪೂಜ್ಯರ ಆಶೀರ್ವಾದದಿಂದ ಈ ಸಣ್ಣ ಸಂಕಲ್ಪವು ಕೈಗೂಡಲೆಂದು ಹಾರೈಸಿ ನನ್ನ ಬರೆಹವನ್ನು ಮುಗಿಸುತ್ತೇನೆ.